ಕಡಲು ಸುಮ್ಮನಿರುವ ಜಾಗಕ್ಕೆ ಇಳಿಯಬೇಡಿ

ನಮಸ್ಕಾರ. ಇವತ್ತು ಒಂದೇ ವಿಷಯ. ಫ್ರಾನ್ಸಿನ ಅಟ್ಲಾಂಟಿಕ್ ಕಡಲಿಗೆ ಹೋದರೆ, ಅಲೆ ಇಲ್ಲದೆ ತಣ್ಣಗೆ ಕಾಣುವ ನೀರಿಗೆ ಇಳಿಯಬೇಡಿ. ಅಲೆ ಬಿದ್ದು ನೊರೆ ಎದ್ದ ಜಾಗ ನೋಡಿದರೆ ಭಯ ಆಗುತ್ತದೆ, ಪಕ್ಕದಲ್ಲೇ ಕೆರೆ ಥರ ಸುಮ್ಮನಿರುವ ನೀರು ನೋಡಿದರೆ ಮಕ್ಕಳನ್ನು ಇಳಿಸೋಣ ಅನ್ನಿಸುತ್ತದೆ, ಅಲ್ವಾ? ಸಾಮಾನ್ಯವಾಗಿ ಜನ ಕೊಚ್ಚಿಹೋಗುವುದು ಆ ಸುಮ್ಮನಿರುವ ನೀರಿನಲ್ಲೇ.

ನಾನು ಹೋಗಿದ್ದು ಲಾಕನೋ-ಓಸಿಯಾಂ ಎಂಬ ಊರಿಗೆ. ಬೋರ್ಡೋ ನಗರದಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರ್. 1906ರಲ್ಲಿ ರಜೆ ಕಳೆಯಲೆಂದೇ ಶುರುವಾದ ಊರು ಅದು. ಆಗ ಜನ ರೈಲಿನಲ್ಲಿ ಬರುತ್ತಿದ್ದರು, ಈಗ ಆ ಹಳಿ ಇದ್ದ ಜಾಗದಲ್ಲಿ ಸೈಕಲ್ ದಾರಿ ಇದೆ. ದಾರಿಯುದ್ದಕ್ಕೂ ಪೈನ್ ಕಾಡು, ಬಿಸಿಲಿಗೆ ಕಾದ ಮರದಂಟಿನ ವಾಸನೆ. ಕಾಡು ಮುಗಿದ ಮೇಲೆ ಮರಳಿನ ದಿಬ್ಬ. ಅದನ್ನು ಹತ್ತಿ ನಿಂತರೆ ಎಡಕ್ಕೂ ಬಲಕ್ಕೂ ಕಣ್ಣು ಹೋಗುವಷ್ಟು ದೂರ ಒಂದೇ ಗೆರೆ ಎಳೆದಂಥ ಮರಳು. ಬಂಡೆ ಇಲ್ಲ, ತಿರುವಿಲ್ಲ. 1979ರಿಂದ ಇಲ್ಲಿ ಸರ್ಫಿಂಗ್ ಸ್ಪರ್ಧೆ ನಡೆಯುತ್ತಿದೆ ಅಂದರೆ ಅಲೆ ಎಂಥದ್ದಿರಬೇಕು ಯೋಚಿಸಿ.

ನಾವು ಮೂವರು ಗೆಳೆಯರು ಹೋಗಿದ್ದೆವು, ಜುಲೈ ತಿಂಗಳು. ನಾನು ಕರಾವಳಿಯವನು, ಕಡಲು ನೋಡಿಕೊಂಡೇ ಬೆಳೆದವನು. ಊರ ಎದುರಿನ ಬೀಚ್‌ನಲ್ಲಿ ಜನ ಜಾಸ್ತಿ ಅಂತ ಮರಳಿನ ಮೇಲೇ ದಕ್ಷಿಣಕ್ಕೆ ಅರ್ಧ ಗಂಟೆ ನಡೆದೆವು. ಅಲ್ಲಿ ಒಂದು ಹೊಂಡದಂಥ ಜಾಗ ಸಿಕ್ಕಿತು. ಮೊಣಕಾಲು ಮಟ್ಟದ ತಿಳಿ ನೀರು, ಆಚೆ ಮರಳಿನ ದಿಣ್ಣೆ, ಅದರಾಚೆ ಅಲೆ. ಇದಕ್ಕಿಂತ ಒಳ್ಳೆಯ ಜಾಗ ಬೇಕಾ ಅಂದುಕೊಂಡೆವು. ಗೆಳೆಯ ಮಲಗಿ ತೇಲುತ್ತಿದ್ದ. ಒಂದು ಗಂಟೆ ಆಗಿರಬಹುದು, ಕಡಲು ಏರುತ್ತಿತ್ತು. ಅವನು ಎದ್ದು ನಿಲ್ಲಲು ನೋಡಿದ, ಕಾಲಿಗೆ ನೆಲ ಸಿಗಲಿಲ್ಲ. ದಡದ ಕಡೆ ಈಜುತ್ತಿದ್ದಾನೆ, ಆದರೆ ಪ್ರತಿ ಸಲ ತಲೆ ಎತ್ತಿದಾಗಲೂ ಇನ್ನಷ್ಟು ದೂರ ಇದ್ದಾನೆ. ಆ ದೃಶ್ಯ ನನಗೆ ಈಗಲೂ ನಿದ್ದೆಯಲ್ಲಿ ಬರುತ್ತದೆ.

ಅಂಥ ಹೊಂಡಕ್ಕೆ ಅಲ್ಲಿಯವರು ಬಾಯೀನ್ ಅನ್ನುತ್ತಾರೆ. ಪುಟ್ಟ ಬೋಗುಣಿ ಅಂತ ಅರ್ಥ. ಅಲೆಗಳು ದಿಣ್ಣೆ ದಾಟಿ ನೀರನ್ನು ಒಳಗೆ ತಂದು ಸುರಿಯುತ್ತವೆ. ಸುರಿದ ನೀರು ವಾಪಸ್ ಹೋಗಬೇಕಲ್ಲ? ದಿಣ್ಣೆಯ ನಡುವೆ ಒಂದು ಕಂಡಿ ಇರುತ್ತದೆ, ಎಲ್ಲಾ ನೀರೂ ಅದರಲ್ಲೇ ನುಗ್ಗುತ್ತದೆ, ಗದ್ದೆಯ ಬದು ಒಡೆದಾಗ ನೀರು ಹರಿಯುವ ಹಾಗೆ. ಆ ಕಂಡಿ ಆಳ, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ. ಸೆಕೆಂಡಿಗೆ 1 ಮೀಟರ್ ವೇಗದ ಸೆಳೆತ ಅಲ್ಲಿ ದೊಡ್ಡ ಮಾತಲ್ಲ, ನಮ್ಮಂಥವರು ಈಜುವುದು ಅದಕ್ಕಿಂತ ನಿಧಾನ.

ಇಲ್ಲಿ ನನಗೆ ನಮ್ಮ ಕನ್ನಡದ ಬಗ್ಗೆಯೇ ಒಂದು ತಕರಾರಿದೆ. ನಮ್ಮ ಪತ್ರಿಕೆಗಳು ಯಾವಾಗಲೂ 'ಸುಳಿಗೆ ಸಿಲುಕಿ ಸಾವು' ಅಂತ ಬರೆಯುತ್ತವೆ. ಸುಳಿ ಅಂದ ಕೂಡಲೇ ಕೆಳಗೆ ಎಳೆಯುತ್ತದೆ ಅನ್ನುವ ಭಯ ಬರುತ್ತದೆ. ಇದು ಸುಳಿ ಅಲ್ಲ, ಸೆಳೆತ. ನಿಮ್ಮನ್ನು ಮುಳುಗಿಸುವುದಿಲ್ಲ, ಆಚೆಗೆ ಒಯ್ಯುತ್ತದೆ ಅಷ್ಟೇ. ಅಲೆ ಒಡೆಯುವ ಸಾಲು ದಾಟಿದ ಮೇಲೆ ಅದರ ಬಲ ಕುಗ್ಗುತ್ತದೆ. ಮುಳುಗುವುದು ಅದಕ್ಕೆ ಎದುರಾಗಿ ಈಜಿ ಈಜಿ ಸುಸ್ತಾದವರು. ಹಾಗಾಗಿ ದಡಕ್ಕೆ ನೇರ ಈಜಬೇಡಿ. ಅಂಗಾತ ತೇಲಿ, ಕೈ ಎತ್ತಿ ಸಹಾಯ ಕೇಳಿ, ಸೆಳೆತ ಸಡಿಲಾದ ಮೇಲೆ ಪಕ್ಕಕ್ಕೆ ಸರಿದು ನೊರೆ ಇರುವ ಕಡೆಯಿಂದ ಬನ್ನಿ. ಆ ದಿನ ಒಬ್ಬ ಸರ್ಫರ್ ಹುಡುಗಿ ತನ್ನ ಹಲಗೆ ಕೊಟ್ಟು ಗೆಳೆಯನನ್ನು ತಂದಳು. ಅವಳು ಮೊದಲು ಕೂಗಿ ಹೇಳಿದ್ದೂ ಅದನ್ನೇ: ಈಜಬೇಡ, ತೇಲು.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಕಡಲಿನಲ್ಲಿ ಮುಳುಗಿ ತೀರಿಹೋದರು. ಆ ಸುದ್ದಿ ಓದಿದಾಗಿನಿಂದ ಈ ವಿಡಿಯೋ ಮಾಡಬೇಕು ಅಂತಿದ್ದೆ. ಒಳನಾಡಿನ ಮಕ್ಕಳಿಗೆ ಕೆರೆ ಗೊತ್ತು, ಬಾವಿ ಗೊತ್ತು. ಕಡಲು ಹೇಗೆ ಎಳೆಯುತ್ತದೆ ಅಂತ ಪ್ರವಾಸದ ಬಸ್ಸಿನಲ್ಲೇ ಹತ್ತು ನಿಮಿಷ ಹೇಳಬಾರದೇ?

ಇನ್ನೊಂದು ವಿಷಯ ನನ್ನಂಥ ಕರಾವಳಿಯವರಿಗೆ. ನಮ್ಮ ಭರತ-ಇಳಿತದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮಂಗಳೂರಿನಲ್ಲಿ ಕಡಲು ಏರಿಳಿಯುವುದು ಒಂದೂವರೆ ಮೀಟರ್ ಆಸುಪಾಸು. ಲಾಕನೋದಲ್ಲಿ ಹುಣ್ಣಿಮೆ ಅಮಾವಾಸ್ಯೆ ಹತ್ತಿರ ನಾಲ್ಕು ಮೀಟರ್ ಮುಟ್ಟುತ್ತದೆ. ಮಧ್ಯಾಹ್ನ ಹೊಂಡ ಇದ್ದದ್ದು ಸಂಜೆಗೆ ಹೊಳೆ. ಫ್ರಾನ್ಸಿನಲ್ಲಿ ಭರತದ ಬಲಕ್ಕೆ 20ರಿಂದ 120ರ ತನಕ ಅಂಕ ಕೊಡುತ್ತಾರೆ. ಬೀಚಿನ ಫಲಕದಲ್ಲಿ ಅದನ್ನು ನೋಡಿ. 90 ದಾಟಿದ ದಿನ ನಾನಂತೂ ಮಕ್ಕಳನ್ನು ನೀರಿಗೆ ಬಿಡುವುದಿಲ್ಲ.

ಬೀಚ್ ಕಾಯುವ ಜೀವರಕ್ಷಕರು ನೆಡುವ, ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಅಲ್ಲಿ ಜನ ಜಾಸ್ತಿ, ಫೋಟೋ ಚೆನ್ನಾಗಿ ಬರುವುದಿಲ್ಲ, ನಿಜ. ಆದರೆ ಆ ಎರಡು ಕೋಲು ಸುಮ್ನೆ ನೆಟ್ಟದ್ದಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಬೇಗ ಹೋಗಿ ದಿಬ್ಬದ ಮೇಲೆ ಕೂತಿದ್ದೆ. ಕಾವಲಿನ ಇಬ್ಬರು ಬಾವುಟ ಹೆಗಲ ಮೇಲಿಟ್ಟುಕೊಂಡು ಬಂದರು. ತುಂಬಾ ಹೊತ್ತು ನೀರನ್ನೇ ನೋಡುತ್ತಾ ನಿಂತರು. ನಿನ್ನೆ ನೆಟ್ಟ ಜಾಗ ಬಿಟ್ಟು, ಐವತ್ತು ಹೆಜ್ಜೆ ಉತ್ತರಕ್ಕೆ ಹೋಗಿ ನೆಟ್ಟರು.