ಕೈಯಿಂದ ಹಣ ತೆತ್ತು ದಂಡಿಸುವವರು

ಆತ್ಮೀಯ ಕೇಳುಗರಿಗೆ ನಮಸ್ಕಾರ.

ಅನ್ಯಾಯ ಮಾಡಿದವನಿಗೆ ಶಿಕ್ಷೆಯಾಗಬೇಕೆಂದು ಎಲ್ಲರೂ ಬಯಸುತ್ತಾರೆ. ಆದರೆ ಆ ಶಿಕ್ಷೆ ಕೊಡಲು ನಮ್ಮದೇ ಹಣ ಖರ್ಚಾಗುವುದಾದರೆ, ಅದರಿಂದ ನಮಗೆ ಚಿಕ್ಕಾಸಿನ ಲಾಭವೂ ಇಲ್ಲದಿದ್ದರೆ, ಆಗಲೂ ನಾವು ಶಿಕ್ಷಿಸುತ್ತೇವೆಯೇ? ಶಿಕ್ಷಿಸುತ್ತೇವೆ ಎಂಬುದೇ ಪ್ರಯೋಗಗಳು ಕೊಟ್ಟಿರುವ ಉತ್ತರ. ಇದನ್ನು ಹೊಟ್ಟೆಕಿಚ್ಚೆಂದೋ, ಪರರಿಗೆ ಅಪಶಕುನವಾಗಲೆಂದು ತನ್ನ ಮೂಗನ್ನು ತಾನೇ ಕೊಯ್ದುಕೊಳ್ಳುವ ಮೂರ್ಖತನವೆಂದೋ ತಳ್ಳಿಹಾಕುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕೈಯಿಂದ ಹಣ ತೆತ್ತು ಅನ್ಯಾಯವನ್ನು ದಂಡಿಸುವ ಜನರು ನಮ್ಮ ನಡುವೆ ಇರುವುದರಿಂದಲೇ ಸಹಕಾರವೆಂಬುದು ಉಳಿದಿದೆ. ಇಂದು ನಾನು ಹೇಳಲು ಬಂದಿರುವುದು ಇದೊಂದನ್ನೇ.

ಜರ್ಮನಿಯ ಅರ್ಥಶಾಸ್ತ್ರಜ್ಞ ವೆರ್ನರ್ ಗ್ಯೂಟ್ ಮತ್ತು ಅವರ ಇಬ್ಬರು ಸಂಗಡಿಗರು 1982ರಲ್ಲಿ ಒಂದು ಸರಳವಾದ ಆಟವನ್ನು ಪ್ರಕಟಿಸಿದರು. ಒಬ್ಬನ ಕೈಗೆ ನೂರು ರೂಪಾಯಿ ಕೊಟ್ಟು, ಇನ್ನೊಬ್ಬನೊಡನೆ ಹಂಚಿಕೊಳ್ಳಲು ಹೇಳುತ್ತಾರೆಂದು ಭಾವಿಸಿ. ಎರಡನೆಯವನು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು ಸಿಗುತ್ತದೆ. ಒಪ್ಪದಿದ್ದರೆ ಇಬ್ಬರಿಗೂ ಏನೂ ಸಿಗುವುದಿಲ್ಲ. ಬರೀ ಲಾಭವನ್ನಷ್ಟೇ ನೋಡುವವನು ಐದು ರೂಪಾಯಿ ಕೊಟ್ಟರೂ ತೆಗೆದುಕೊಳ್ಳಬೇಕು. ಆದರೆ ಮುಂದೆ ಹಲವು ದೇಶಗಳಲ್ಲಿ ಈ ಆಟವನ್ನು ಆಡಿಸಿದಾಗ, ಇಪ್ಪತ್ತಕ್ಕಿಂತ ಕಡಿಮೆ ಪಾಲು ಬಂದರೆ ಸುಮಾರು ಅರ್ಧದಷ್ಟು ಮಂದಿ ಅದನ್ನು ತಿರಸ್ಕರಿಸಿದರು. ಎದುರಿನವನ ದುರಾಸೆ ಫಲಿಸಬಾರದೆಂದು ತಮಗೆ ಬರಬೇಕಾದ ಹಣವನ್ನೂ ಬಿಟ್ಟುಕೊಟ್ಟರು.

ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ನಡೆದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಅದನ್ನು ತುಸು ವಿವರವಾಗಿಯೇ ಹೇಳಬೇಕು. ಅರ್ನ್ಸ್ಟ್ ಫೆಹ್ರ್ ಮತ್ತು ಸೈಮನ್ ಗೆಖ್ಟರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 240 ವಿದ್ಯಾರ್ಥಿಗಳನ್ನು ನಾಲ್ವರ ಗುಂಪುಗಳಾಗಿ ಕೂರಿಸಿ, ಪ್ರತಿಯೊಬ್ಬರಿಗೂ 20 ನಾಣ್ಯಗಳಷ್ಟು ಹಣ ಕೊಟ್ಟರು. ಅದನ್ನು ತಾವೇ ಇಟ್ಟುಕೊಳ್ಳಬಹುದಿತ್ತು, ಇಲ್ಲವೇ ಗುಂಪಿನ ಸಾಮಾನ್ಯ ನಿಧಿಗೆ ಹಾಕಬಹುದಿತ್ತು. ನಿಧಿಗೆ ಹಾಕಿದ ಪ್ರತಿ ನಾಣ್ಯಕ್ಕೆ ನಾಲ್ವರಿಗೂ ತಲಾ 0.4 ನಾಣ್ಯ ಸಿಗುತ್ತಿತ್ತು. ಎಲ್ಲರೂ ಪೂರ್ತಿ ಹಾಕಿದರೆ ಪ್ರತಿಯೊಬ್ಬರ 20 ನಾಣ್ಯ 32 ಆಗುತ್ತಿತ್ತು. ಮೂವರು ಪೂರ್ತಿ ಹಾಕಿ ಒಬ್ಬ ಮಾತ್ರ ಏನನ್ನೂ ಹಾಕದೆ ಕೈಕಟ್ಟಿ ಕುಳಿತರೆ, ಅವನಿಗೆ 44 ನಾಣ್ಯ, ಹಾಕಿದ ಮೂವರಿಗೆ ತಲಾ 24 ಮಾತ್ರ. ಅನ್ಯಾಯಕ್ಕೆ ಇರುವ ಆಕರ್ಷಣೆಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವಿಲ್ಲ!

ದಂಡಿಸುವ ಅವಕಾಶವಿಲ್ಲದ ಆಟದಲ್ಲಿ ನಿಧಿಗೆ ಬರುವ ಹಣ ಸುತ್ತಿನಿಂದ ಸುತ್ತಿಗೆ ಇಳಿಯುತ್ತಾ ಹೋಯಿತು. ಇನ್ನೊಂದು ಬಗೆಯ ಆಟದಲ್ಲಿ ದಂಡಿಸಲು ಅವಕಾಶವಿತ್ತು: ನಾನು ಒಂದು ನಾಣ್ಯ ತೆತ್ತರೆ, ನಾನು ತೋರಿಸಿದ ವ್ಯಕ್ತಿ ಮೂರು ನಾಣ್ಯ ಕಳೆದುಕೊಳ್ಳುತ್ತಾನೆ. ನಿಧಿಗೆ ಬರುವ ಹಣ ಏರತೊಡಗಿತು. ನೂರಕ್ಕೆ 84ಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ದಂಡಿಸಿದರು. ದಂಡಗಳಲ್ಲಿ ಸುಮಾರು ಮುಕ್ಕಾಲು ಪಾಲು, ಸರಾಸರಿಗಿಂತ ಹೆಚ್ಚು ಕೊಟ್ಟವರು ಸರಾಸರಿಗಿಂತ ಕಡಿಮೆ ಕೊಟ್ಟವರಿಗೆ ವಿಧಿಸಿದವೇ ಆಗಿದ್ದವು.

ಇಲ್ಲಿ ದಯವಿಟ್ಟು ಗಮನವಿಟ್ಟು ಕೇಳಿ. ಪ್ರತಿ ಸುತ್ತಿಗೂ ಗುಂಪುಗಳು ಬದಲಾಗುತ್ತಿದ್ದವು. ಒಮ್ಮೆ ಜೊತೆಯಾದವರು ಮತ್ತೆಂದೂ ಜೊತೆಯಾಗುತ್ತಿರಲಿಲ್ಲ. ಯಾರು ಯಾರೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ. ದಂಡ ತೆತ್ತವನು ಮುಂದಿನ ಸುತ್ತಿನಲ್ಲಿ ಹೆಚ್ಚು ಹಣ ಹಾಕುತ್ತಿದ್ದನೇನೋ ನಿಜ, ಆದರೆ ಹಾಕುತ್ತಿದ್ದುದು ಬೇರೊಂದು ಗುಂಪಿನ ನಿಧಿಗೆ. ಹಣ ಕಳೆದುಕೊಂಡು ದಂಡಿಸಿದವನು ಒಂದು ಕಡೆ, ಅದರ ಫಲವನ್ನು ಉಂಡವರು ಇನ್ನೊಂದು ಕಡೆ. ಆದ್ದರಿಂದಲೇ 2002ರ ತಮ್ಮ ಪ್ರಬಂಧದಲ್ಲಿ ಆ ಸಂಶೋಧಕರು ಇದನ್ನು ಪರಹಿತದ ದಂಡನೆ ಎಂದು ಕರೆದರು. ಇಷ್ಟಾದ ಮೇಲೂ ಇದನ್ನು ಹೊಟ್ಟೆಕಿಚ್ಚೆಂದು ಕರೆಯುವವರಿಗೆ ನಾನು ಇನ್ನೇನು ಹೇಳಲಿ?

ಹಾಗಾದರೆ ಅವರನ್ನು ಪ್ರೇರೇಪಿಸಿದ್ದು ಯಾವುದು? ಕೋಪ. ಇತರರು ಕೊಡುವಾಗ ಒಬ್ಬ ಕೊಡದೆ ಉಳಿದರೆ ಅವನ ಬಗ್ಗೆ ತಮಗೆ ಸಿಟ್ಟು ಬರುತ್ತದೆಂದು ವಿದ್ಯಾರ್ಥಿಗಳೇ ತಿಳಿಸಿದರು. ತಾವು ಹಾಗೆ ಮಾಡಿದರೆ ಉಳಿದವರಿಗೆ ಸಿಟ್ಟು ಬರುವುದೆಂಬುದೂ ಅವರಿಗೆ ಗೊತ್ತಿತ್ತು. ಈ ಸಿಟ್ಟಿಗೆ ನ್ಯಾಯವಾದ ದಾರಿ ಇಲ್ಲದಿದ್ದಾಗ ಆಗುವುದೇ ಬೇರೆ: ಪ್ರಾಮಾಣಿಕರು ತಾವು ಕೊಡುವುದನ್ನೇ ನಿಲ್ಲಿಸುತ್ತಾರೆ, ಏಕೆಂದರೆ ಅವರ ಕೈಯಲ್ಲಿ ಉಳಿದಿರುವ ದಂಡ ಅದೊಂದೇ, ಮತ್ತು ಅದರ ಪೆಟ್ಟು ಒಳ್ಳೆಯವರಿಗೂ ಬೀಳುತ್ತದೆ. ನಿಮ್ಮ ಬಡಾವಣೆಯ ಸಂಘದಲ್ಲೋ ಊರಿನ ಸಹಕಾರ ಸಂಘದಲ್ಲೋ ವಂತಿಗೆ ಕೊಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರೆ, ಜನರ ಜಿಪುಣತನವನ್ನು ದೂರುವ ಮೊದಲು, ಕೊಡದವರನ್ನು ಯಾರಾದರೂ ಕೇಳುತ್ತಿದ್ದಾರೆಯೇ ಎಂದು ವಿಚಾರಿಸಿ ನೋಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂದುದರಿಂದ ಮಿದುಳಿನ ಅಧ್ಯಯನಗಳನ್ನು ಚುಟುಕಾಗಿ ಹೇಳುತ್ತೇನೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾನು ಮೊದಲು ಹೇಳಿದ ಹಂಚಿಕೆಯ ಆಟವನ್ನೇ ಆಡಿಸಿದಾಗ, ಅನ್ಯಾಯದ ಪಾಲನ್ನು ಮನುಷ್ಯನೊಬ್ಬ ಮುಂದಿಟ್ಟಾಗ ತಿರಸ್ಕರಿಸಿದಷ್ಟು ಮಂದಿ, ಅಷ್ಟೇ ಪಾಲನ್ನು ಕಂಪ್ಯೂಟರ್ ಮುಂದಿಟ್ಟಾಗ ತಿರಸ್ಕರಿಸಲಿಲ್ಲ. ಸಿಟ್ಟು ಇದ್ದದ್ದು ಕಡಿಮೆ ಹಣದ ಮೇಲಲ್ಲ, ಅನ್ಯಾಯ ಮಾಡಿದ ಮನುಷ್ಯನ ಮೇಲೆ. ಮರುವರ್ಷ ಜ್ಯೂರಿಕ್‌ನ ಸಂಶೋಧಕರು, ನಂಬಿಕೆದ್ರೋಹ ಮಾಡಿದವನನ್ನು ದಂಡಿಸಲು ತೀರ್ಮಾನಿಸುತ್ತಿರುವವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ತೃಪ್ತಿಗೆ ಸಂಬಂಧಿಸಿದ ಸ್ಟ್ರಯೇಟಮ್ ಎಂಬ ಭಾಗ ಚುರುಕಾಗಿರುವುದು ಕಂಡುಬಂತು. ಅದು ಯಾರಲ್ಲಿ ಹೆಚ್ಚು ಚುರುಕಾಗಿತ್ತೋ, ದಂಡಿಸಲು ಹೆಚ್ಚು ಹಣ ತೆರಲು ಸಿದ್ಧರಾಗಿದ್ದವರೂ ಅವರೇ.

ನಮಸ್ಕಾರ.