ಮರ ಹೊತ್ತವರ ಚಿತ್ರ

ಸ್ನೇಹಿತರೇ,

ಬೀದರಿನ ನಾನಕ್ ಝೀರಾ ನೋಡಿದವರಿಗೆ ಗುರುದ್ವಾರ ಅಂದ ಕೂಡಲೇ ಬಿಳಿ ಗುಮ್ಮಟ ಕಣ್ಣಿಗೆ ಬರುತ್ತದೆ. ಕೆನಡಾದ ಆಬಟ್ಸ್‌ಫರ್ಡಿನ ಹಳೆಯ ಗುರುದ್ವಾರಕ್ಕೆ ಗುಮ್ಮಟವೇ ಇಲ್ಲ. ಮರದ ಹಲಗೆಯ ಎರಡಂತಸ್ತಿನ ಕಟ್ಟಡ ಅದು. ಮುಂದಿನ ಗೋಡೆ ಚಾವಣಿಯನ್ನೂ ಮರೆಮಾಡಿ ಎತ್ತರಕ್ಕೆ ನಿಂತಿದೆ, ಆ ಕಾಲದ ಅಲ್ಲಿನ ಅಂಗಡಿಗಳ ಹಾಗೆ. ಸಿಖ್ಖರ ನಿಶಾನ್ ಸಾಹಿಬ್ ಧ್ವಜ ನೋಡಿದ ಮೇಲೆಯೇ ಇದು ಗುರುದ್ವಾರ ಅಂತ ಗೊತ್ತಾಗೋದು.

ಈ ಕಟ್ಟಡ ತೆರೆದದ್ದು 1912ರ ಫೆಬ್ರವರಿಯಲ್ಲಿ. ಆಗ ಆಬಟ್ಸ್‌ಫರ್ಡ್ ಒಂದು ಹಳ್ಳಿ. ಪಂಜಾಬಿನಿಂದ ಹೋದ ಗಂಡಸರು ಅಲ್ಲಿನ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಗುರುದ್ವಾರಕ್ಕೆ ಬೇಕಾದ ಮರವನ್ನು ಮಿಲ್ಲಿನವರು ದಾನ ಕೊಟ್ಟರು. ಕೆರೆಯ ಪಕ್ಕದ ಆ ಮಿಲ್ಲಿನಿಂದ ದಿಬ್ಬದ ಮೇಲಕ್ಕೆ ಮರವನ್ನು ಈ ಕೂಲಿಕಾರರೇ ಬೆನ್ನ ಮೇಲೆ ಹೊತ್ತು ತಂದರು. ಮೇಲೆ ಪ್ರಾರ್ಥನೆ, ಕೆಳಗೆ ಲಂಗರ್, ಅಂದರೆ ಎಲ್ಲರಿಗೂ ಉಚಿತ ಊಟ. ಹೊಸದಾಗಿ ಬಂದವರು ಯಾರೇ ಆದರೂ ಊಟಕ್ಕೆ ಅಲ್ಲಿಗೇ ಬರುತ್ತಿದ್ದರು. 2002ರಲ್ಲಿ ಇದು ಕೆನಡಾದ ರಾಷ್ಟ್ರೀಯ ಚಾರಿತ್ರಿಕ ತಾಣವಾಯಿತು. 2011ರಿಂದ ಕೆಳಗಿನ ಅಂತಸ್ತಿನಲ್ಲಿ ಸಿಖ್ ಪರಂಪರೆಯ ವಸ್ತುಸಂಗ್ರಹಾಲಯ ಇದೆ.

ಈ ಜನರ ಬಗ್ಗೆ ಇವತ್ತಿನ ಕಲಾವಿದರು ಯಾಕೆ ಚಿತ್ರ ಬರೆಯಬೇಕು ಅಂತ ಕೇಳಬಹುದು. ನನಗೆ ಅನಿಸೋದು ಇಷ್ಟು: ಅವರ ಬಗ್ಗೆ ಉಳಿದಿರುವ ದಾಖಲೆಗಳಲ್ಲಿ ಜಾಸ್ತಿ ಇರೋದು ಅವರನ್ನು ತಡೆಯಲು ನೋಡಿದ ಅಧಿಕಾರಿಗಳ ಕಾಗದಗಳು. 1907ರಲ್ಲಿ ಆಬಟ್ಸ್‌ಫರ್ಡ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಅವರ ಮತದ ಹಕ್ಕು ಕಿತ್ತುಕೊಂಡಿತು. ಅದು ಮತ್ತೆ ಸಿಕ್ಕಿದ್ದು 1947ರಲ್ಲಿ. ಹುಟ್ಟಿದ ದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ ಅಂತ 1908ರಲ್ಲಿ ನಿಯಮ ಬಂತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ವರ್ಷಗಟ್ಟಲೆ ಬಿಡಲಿಲ್ಲ. ಹೀಗಾಗಿ ಮರ ಹೊತ್ತ ಬೆನ್ನು, ರೊಟ್ಟಿ ಬೇಯಿಸಿದ ಕೈ, ಊರಲ್ಲೇ ಕಾದು ಕುಳಿತ ಹೆಂಗಸು, ಯಾವುದೂ ಆ ಕಾಗದಗಳಲ್ಲಿ ಕಾಣೋದಿಲ್ಲ. ಅದನ್ನು ಚಿತ್ರವೇ ತೋರಿಸಬೇಕು, ಅಲ್ವಾ?

ಹಾಗೆ ತೋರಿಸಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ಇದು ಹಳ್ಳಿಯದಲ್ಲ, ಹತ್ತಿರದ ವ್ಯಾಂಕೂವರ್ ನಗರದ್ದು. 1914ರಲ್ಲಿ ಕೊಮಗಾಟಾ ಮಾರು ಹಡಗು 376 ಪ್ರಯಾಣಿಕರೊಂದಿಗೆ ಅಲ್ಲಿಗೆ ಬಂತು. ಸಿಖ್ಖರೇ ಹೆಚ್ಚು. ಎರಡು ತಿಂಗಳು ನೀರಲ್ಲೇ ನಿಲ್ಲಿಸಿ, ಬಹುತೇಕ ಎಲ್ಲರನ್ನೂ ವಾಪಸ್ ಕಳಿಸಿದರು. ಈ ಕಥೆ ಹೇಳುವಾಗ ಸಾಮಾನ್ಯವಾಗಿ ಹಡಗಿನ ಕಟಕಟೆಗೆ ಒರಗಿ ನಿಂತ ಪೇಟಾಧಾರಿಗಳ ಫೋಟೋ ತೋರಿಸುತ್ತಾರೆ. 2019ರ ಗೋಡೆ ಚಿತ್ರ ಬೇರೆ ದಾರಿ ಹಿಡಿಯಿತು. ಕೀರತ್ ಕೌರ್, ಜೊತೆಗೆ ಅಲ್ಲಿನ ಮೂಲನಿವಾಸಿ ಮಸ್ಕ್ವಿಯಮ್ ಜನಾಂಗದ ಅಲೀಷಿಯಾ ಪಾಯಿಂಟ್ ಮತ್ತು ಸೈಲರ್ ಸ್ಪ್ಯಾರೋ-ಪಾಯಿಂಟ್ ಸೇರಿ ಅದನ್ನು ಬರೆದರು. ಹಡಗಿನಲ್ಲಿ ಹಸಿದಿದ್ದವರಿಗೆ ಮಸ್ಕ್ವಿಯಮ್ ಜನ ದೋಣಿಯಲ್ಲಿ ಹೋಗಿ ಊಟ ಕೊಟ್ಟರು ಅಂತ ಅವರ ಮನೆಗಳಲ್ಲಿ ಹೇಳಿಕೊಂಡು ಬಂದ ಕಥೆ ಇದೆ. ಚಿತ್ರದ ವಸ್ತು ಅದೇ. ಆಬಟ್ಸ್‌ಫರ್ಡಿನ ಲಂಗರಿಗೂ ಇದಕ್ಕೂ ಎಷ್ಟು ಹತ್ತಿರ ನೋಡಿ!

ಆಬಟ್ಸ್‌ಫರ್ಡ್ ಸುತ್ತಲಿನ ಹಣ್ಣಿನ ತೋಟಗಳಲ್ಲಿ ಇವತ್ತೂ ಪಂಜಾಬಿ ಕುಟುಂಬಗಳಿವೆ. ಅಲ್ಲಿ ಬ್ಲೂಬೆರಿ ಕೀಳುವ ಅಜ್ಜಿಯರನ್ನೂ ಯಾರಾದರೂ ಇದೇ ಪ್ರೀತಿಯಿಂದ ಗೋಡೆಯ ಮೇಲೆ ಬರೆಯಲಿ ಅನ್ನೋದು ನನ್ನ ಆಸೆ.

ಇನ್ನೊಂದು ಮಾತು. ವ್ಯಾಂಕೂವರಿನ ಆ ಚಿತ್ರ ಬರೆದದ್ದು ಒಂದು ಸರ್ಕಾರಿ ಕಟ್ಟಡದ ಗೋಡೆಗೆ. ಆ ಕಟ್ಟಡಕ್ಕೆ ಇಟ್ಟಿದ್ದು ಹ್ಯಾರಿ ಸ್ಟೀವನ್ಸ್ ಹೆಸರು. 1914ರಲ್ಲಿ ಹಡಗನ್ನು ವಾಪಸ್ ಕಳಿಸಲು ಮುಂದೆ ನಿಂತ ಸಂಸದ ಅವರೇ. 2019ರಲ್ಲೇ ಸರ್ಕಾರ ಆ ಹೆಸರನ್ನು ತೆಗೆದುಹಾಕಿತು.