ಎರಡನೇ ಹಗ್ಗ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಫ್ಯಾನ್ ಸದ್ದು ಜಾಸ್ತಿ ಇದೆ. ಆದರೆ ಆರಿಸಬೇಡಿ, ಸೆಕೆಗೆ ನೀವೆಲ್ಲ ಎದ್ದು ಹೋಗುತ್ತೀರಿ.

ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿಗೆ ‘ರೇಖೆಯಿಂದ ವರ್ಣದೆಡೆಗೆ’ ಅಂತ ಹೆಸರು ಹಾಕಿದ್ದಾರೆ. ಓದಿ ನನಗೇ ಭಯವಾಯಿತು. ನಾನು ಪುಸ್ತಕಕ್ಕೆ, ಪತ್ರಿಕೆಗೆ ಚಿತ್ರ ಬರೆದುಕೊಂಡು ಬದುಕಿದವನು. ಕಥೆ ಕೊಡುತ್ತಾರೆ, ಇಂಥ ದಿನ ಬೇಕು ಅನ್ನುತ್ತಾರೆ, ಬರೆದು ಕೊಡುತ್ತೇನೆ. ದುಡ್ಡಿಗೆ ಮಾತ್ರ ಇಂಥ ದಿನ ಅಂತ ಇರುವುದಿಲ್ಲ. ಸ್ಕೆಚ್ ಹೇಗೆ ಪೇಂಟಿಂಗ್ ಆಗುತ್ತೆ ಅಂತ ಹೇಳಿ ಎಂದರು, ಬಂದೆ. ಚೀಟಿಯಲ್ಲಿ ಏಳು ಅಂಶ ಬರೆದುಕೊಂಡಿದ್ದೇನೆ. ಎಷ್ಟು ಮುಗಿಯುತ್ತೋ ನೋಡೋಣ.

ಬೆಳಿಗ್ಗೆ ಬೇಗ ಬಂದು ಕಾರಿಡಾರಿನಲ್ಲಿ ನಿಮ್ಮ ಪ್ರದರ್ಶನ ನೋಡಿದೆ. ಒಳ್ಳೆಯ ಕೆಲಸ ಮಾಡಿದ್ದೀರಿ. ಪ್ರತಿ ಪೇಂಟಿಂಗ್ ಪಕ್ಕ ಅದರ ಸ್ಕೆಚ್ ಪಿನ್ ಮಾಡಿದ್ದೀರಿ. ಅಲ್ಲೇ ನೀವು ಸಿಕ್ಕಿಹಾಕಿಕೊಂಡಿರಿ! ಹತ್ತಕ್ಕೆ ಎಂಟು ಕಡೆ ಸ್ಕೆಚ್ಚೇ ಚೆನ್ನಾಗಿದೆ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಮನೆಯಲ್ಲೂ ಇದೇ ಕಥೆ. ‘ಸಾರ್, ಸ್ಕೆಚ್‌ನಲ್ಲಿದ್ದ ಜೀವ ಪೇಂಟಿಂಗ್‌ನಲ್ಲಿ ಬರಲಿಲ್ಲ’ ಅಂತ ಒಬ್ಬಳು ಹುಡುಗಿ ಅಳುಮುಖ ಮಾಡಿದಳು. ಈ ಮಾತನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ಹೇಳುತ್ತಲೂ ಇದ್ದೇನೆ.

ಇದಕ್ಕೆ ನಮ್ಮ ಮೇಷ್ಟ್ರುಗಳು ಕೊಡುವ ಔಷಧಿ ಒಂದೇ. ‘ಕೈ ಬಿಗಿಯಾಯಿತು ಕಣೋ, ಫ್ರೀಯಾಗಿ ಮಾಡು.’ ನನಗೆ ಈ ಮಾತಿನ ಮೇಲೆ ತಕರಾರಿದೆ. ಕೈ ಸುಮ್ಮನೆ ಬಿಗಿಯಾಗುವುದಿಲ್ಲ. ಮುಂದೆ ಏನು ಬರೆಯಬೇಕು ಅಂತ ತಲೆಗೆ ಗೊತ್ತಿಲ್ಲದಿದ್ದಾಗ ಬಿಗಿಯಾಗುತ್ತದೆ. ಕತ್ತಲಲ್ಲಿ ಮೆಟ್ಟಿಲು ಇಳಿಯುವವನಿಗೆ ‘ಫ್ರೀಯಾಗಿ ಇಳಿ’ ಅಂದರೆ ಆಗುತ್ತಾ? ಲೈಟು ಹಾಕಬೇಕು ತಾನೇ?

ಆ ಹುಡುಗಿಯ ಚಿತ್ರವನ್ನೇ ತೆಗೆದುಕೊಳ್ಳೋಣ. ಅವಳಿಗೆ ಹೇಳಿಯೇ ಹೇಳುತ್ತಿದ್ದೇನೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಹೆಂಗಸು. ಸ್ಕೆಚ್‌ನಲ್ಲಿ ಬೆರಳು ಅಂದರೆ ನಾಲ್ಕು ಗೀಟು, ಅಷ್ಟೇ. ಆದರೆ ಕೈ ಓಡುತ್ತಿದೆ, ಮಾಲೆ ಬೆಳೆಯುತ್ತಿದೆ ಅನ್ನಿಸುತ್ತದೆ. ಪೇಂಟಿಂಗ್‌ನಲ್ಲಿ ಅವೇ ಬೆರಳು ಏಲಕ್ಕಿ ಬಾಳೆಹಣ್ಣಿನ ಚಿಪ್ಪಿನ ಹಾಗೆ ಕೂತಿವೆ. ನಾನು ಕೇಳಿದೆ, ‘ನೀನು ಹೂ ಕಟ್ಟುತ್ತೀಯೇನಮ್ಮ?’ ‘ಇಲ್ಲ ಸಾರ್, ಅಮ್ಮ ಕಟ್ಟುತ್ತಾರೆ.’ ನೋಡಿ, ಅಲ್ಲಿದೆ ಕಾಯಿಲೆ. ಬಾಳೆನಾರು ಯಾವ ಬೆರಳನ್ನು ಸುತ್ತುತ್ತದೆ, ಹೂವಿನ ತೊಟ್ಟನ್ನು ಯಾವ ಬೆರಳು ಒತ್ತಿ ಹಿಡಿಯುತ್ತದೆ, ಗಂಟು ಎಲ್ಲಿ ಬೀಳುತ್ತದೆ, ಇದು ಯಾವುದೂ ಗೊತ್ತಿಲ್ಲ. ಸ್ಕೆಚ್‌ನಲ್ಲಿ ಗೊತ್ತಿರಬೇಕಾಗಿಯೂ ಇರಲಿಲ್ಲ. ನಾಲ್ಕು ಗೀಟು ಎಳೆದು ‘ನನಗೆ ಗೊತ್ತಿಲ್ಲಪ್ಪ’ ಅಂತ ಅದು ಮರ್ಯಾದೆಯಾಗಿ ಒಪ್ಪಿಕೊಂಡಿತ್ತು. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಂಡಿತು. ಪೇಂಟಿಂಗ್ ದೊಡ್ಡದು. ಅಲ್ಲಿ ಒಂದೊಂದು ಬೆರಳಿಗೂ ಉತ್ತರ ಕೊಡಬೇಕು. ಗೊತ್ತಿಲ್ಲದೆ ಕೊಟ್ಟ ಉತ್ತರ ಬಾಳೆಹಣ್ಣಾಯಿತು.

ಇದಕ್ಕೆ ನನ್ನದೇ ಒಂದು ಕಥೆ ಇದೆ. ನನ್ನ ಶಿಷ್ಯರು ಇಲ್ಲಿ ಇಬ್ಬರಿದ್ದಾರೆ, ಇಪ್ಪತ್ತು ಸಲ ಕೇಳಿದ್ದಾರೆ. ಅವರು ಬೇಕಾದರೆ ಹೊರಗೆ ಹೋಗಿ ಟೀ ಕುಡಿದು ಬರಬಹುದು.

ಒಂದು ಮಕ್ಕಳ ಪುಸ್ತಕ. ಒಬ್ಬ ಹುಡುಗ, ಅವನ ತಾತ, ತಾತನ ತೋಟ. ತೋಟದಲ್ಲಿ ಕಪಿಲೆ. ಕಪಿಲೆ ಗೊತ್ತಲ್ವಾ? ಪಂಪ್‌ಸೆಟ್ ಬರುವ ಮೊದಲು ಎತ್ತು ಕಟ್ಟಿ, ಚರ್ಮದ ದೊಡ್ಡ ಚೀಲದಲ್ಲಿ ಬಾವಿಯಿಂದ ನೀರೆತ್ತುತ್ತಿದ್ದರು. ಮುಖಪುಟಕ್ಕೆ ಅದೇ ಬೇಕು ಅಂದರು. ನಾನು ಊರಿಗೆ ಹೋಗುವ ಬಸ್ಸಿನಲ್ಲೇ ಟಿಕೆಟ್ ಹಿಂದೆ ಪುಟ್ಟ ಸ್ಕೆಚ್ ಮಾಡಿದೆ. ಎಡಗಡೆ ಕೆಳಗೆ ಬಾವಿ. ಅಲ್ಲಿಂದ ಓರೆಯಾಗಿ ಏರುವ ದಿಬ್ಬ. ಬಲಗಡೆ ಮೇಲೆ, ಆಕಾಶಕ್ಕೆ ಎದುರಾಗಿ ಎರಡು ಎತ್ತು, ಕತ್ತು ಬಗ್ಗಿಸಿ ದಿಬ್ಬ ಹತ್ತುತ್ತಾ ಹಗ್ಗ ಎಳೆಯುತ್ತಿವೆ. ಹೆಬ್ಬೆರಳಿನಷ್ಟು ಚಿತ್ರ. ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಸಂಪಾದಕರಿಗೆ ತೋರಿಸಿದೆ, ಅವರೂ ‘ಅದ್ಭುತ’ ಅಂದರು.

ಮನೆಗೆ ಬಂದು ದೊಡ್ಡ ಹಾಳೆಗೆ ಏರಿಸಿದೆ. ಸತ್ತುಹೋಯಿತು. ಮತ್ತೆ ಬರೆದೆ, ಮತ್ತೆ ಸತ್ತಿತು. ಎತ್ತಿನ ಕಾಲು ಸರಿ ಮಾಡಿದರೆ ಹಗ್ಗ ಸುಳ್ಳು ಅನ್ನಿಸುತ್ತದೆ, ಹಗ್ಗ ಸರಿ ಮಾಡಿದರೆ ಬಾವಿ ಸುಳ್ಳು. ನಾನೂ ‘ಕೈ ಬಿಗಿಯಾಯಿತು’ ಅಂತ ಅಂದುಕೊಂಡು ಎರಡು ದಿನ ಕೈ ಕುಣಿಸಿಕೊಂಡು ಕೂತೆ.

ಕೊನೆಗೆ ಶಿರಾ ಕಡೆಯ ಗೆಳೆಯನೊಬ್ಬ, ‘ನಮ್ಮ ತಾತ ಕಪಿಲೆ ಹೊಡೆದವರು, ಬಾ’ ಅಂದ. ಹೋದೆ. ತಾತನಿಗೆ ಎಂಬತ್ತರ ಮೇಲೆ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಸ್ಕೆಚ್ ಬಿಚ್ಚಿದೆ. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು. ಆಮೇಲೆ ನಗಕ್ಕೆ ಶುರು ಮಾಡಿದರು. ಎಲೆಯಡಿಕೆ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಸೊಸೆ ನೀರು ತಂದು ಕೊಡಬೇಕಾಯಿತು.

‘ಏನ್ ಮಗ, ನಿನ್ ಎತ್ತು ಗುಡ್ಡ ಹತ್ತಿ ಎಲ್ಲಿಗ್ ಹೋಯ್ತವೆ? ಹಿಂಗ್ ಎಳಿಸಿದ್ರೆ ಒಂದೇ ದಿನಕ್ಕೆ ಸತ್ತೋಯ್ತವೆ ಕಣಪ್ಪ.’

ನಾನು ಎಲ್ಲವನ್ನೂ ತಲೆಕೆಳಗೆ ಮಾಡಿದ್ದೆ. ಬಾವಿ ಇರುವುದೇ ಎತ್ತರದಲ್ಲಿ. ಅಲ್ಲಿಂದ ಎತ್ತಿನ ದಾರಿ ಇಳಿಜಾರು. ಎತ್ತು ಕೆಳಗೆ ಇಳಿಯುತ್ತಾ ಎಳೆಯುತ್ತದೆ. ಅದರ ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಅದೂ ಸಾಲದು ಅಂತ ಹೊಡೆಯುವವನು ಹಗ್ಗದ ಮೇಲೇ ಕೂತುಬಿಡುತ್ತಾನೆ. ನೀರು ಸುರಿದ ಮೇಲೆ ಎತ್ತು ಹಿಂದೆ ಹಿಂದೆ ಹೆಜ್ಜೆ ಇಟ್ಟು ಮೇಲಕ್ಕೆ ಬರುತ್ತವೆ. ತಾತ ಜಗಲಿಯಿಂದ ಇಳಿದು, ಎರಡು ಕೈ ಚಾಚಿ, ತಾವೇ ಎತ್ತಿನ ಹಾಗೆ ಹಿಂದಕ್ಕೆ ನಡೆದು ತೋರಿಸಿದರು. ಪಂಚೆ ಕಾಲಿಗೆ ಸಿಕ್ಕಿ ಬೀಳುವವರಿದ್ದರು, ಗೆಳೆಯ ಹಿಡಿದುಕೊಂಡ.

ಆಮೇಲೆ ಕೇಳಿದರು, ‘ಇನ್ನೊಂದು ಹಗ್ಗ ಎಲ್ಲಿ?’

ನನಗೆ ಇನ್ನೊಂದು ಹಗ್ಗ ಇರುತ್ತದೆ ಅಂತಲೇ ಗೊತ್ತಿರಲಿಲ್ಲ. ಆ ಚರ್ಮದ ಚೀಲದ ತಳಕ್ಕೆ ಆನೆಯ ಸೊಂಡಿಲಿನ ಹಾಗೆ ಒಂದು ಕೊಳವೆ ಇರುತ್ತದೆ. ದಪ್ಪ ಹಗ್ಗ ಎತ್ತರದ ಗಾಲಿಯ ಮೇಲೆ ಹೋಗಿ ಚೀಲವನ್ನು ಎತ್ತುತ್ತದೆ. ಸಣ್ಣ ಹಗ್ಗ ಸೊಂಡಿಲಿನ ಬಾಯಿಗೆ ಕಟ್ಟಿರುತ್ತದೆ. ಅದು ಕೆಳಗೆ, ತೊಟ್ಟಿಯ ಅಂಚಿನಲ್ಲಿರುವ ಉರುಳೆಯ ಮೇಲೆ ಹೋಗುತ್ತದೆ. ಬಾವಿಯೊಳಗೆ ಇರುವಷ್ಟು ಹೊತ್ತು ಸೊಂಡಿಲು ಮೇಲೆ ಮಡಚಿಕೊಂಡಿರುತ್ತದೆ, ನೀರು ಚೆಲ್ಲುವುದಿಲ್ಲ. ಮೇಲೆ ಬಂದಾಗ ಚೀಲ ಇನ್ನೂ ಏರುತ್ತದೆ. ಸೊಂಡಿಲು ಮಾತ್ರ ತೊಟ್ಟಿಯ ಮಟ್ಟಕ್ಕೇ ನಿಂತು, ಚಾಚಿಕೊಂಡು, ನೀರು ತಾನಾಗೇ ಸುರಿಯುತ್ತದೆ. ಬಾವಿಯ ಹತ್ತಿರ ಯಾರೂ ನಿಂತು ಬಗ್ಗಿಸಬೇಕಾಗಿಲ್ಲ. ಎಂಥ ಬುದ್ಧಿ ನೋಡಿ! ಆ ಹಗ್ಗ ಇಲ್ಲದ ಕಪಿಲೆಯನ್ನು ನಾನು ಹನ್ನೊಂದು ಸಲ ಬರೆದಿದ್ದೆ. ಜೀವ ಎಲ್ಲಿಂದ ಬರಬೇಕು?

ಈಗ ಬಂತು ನಿಜವಾದ ಕಷ್ಟ. ನನ್ನ ಸ್ಕೆಚ್‌ನ ಚಂದವೆಲ್ಲ ಇದ್ದದ್ದು ಆ ತಪ್ಪಿನಲ್ಲೇ. ಎತ್ತು ಆಕಾಶಕ್ಕೆ ಏರುತ್ತಿತ್ತಲ್ಲ, ಅದೇ ಅಲ್ವಾ ಎಲ್ಲರಿಗೂ ಹಿಡಿಸಿದ್ದು? ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಟಿಕೆಟ್ ನೋಡುತ್ತಾ ಕೂತೆ. ಅದರಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಕೊನೆಗೆ ಹೊಳೆಯಿತು. ನನಗೆ ಬೇಕಾಗಿದ್ದದ್ದು ಆ ಓರೆ ಗೆರೆ ಒಂದೇ. ಅದನ್ನು ಹಾಗೇ ಉಳಿಸಿಕೊಂಡೆ. ಎತ್ತು ಇದ್ದ ಜಾಗಕ್ಕೆ ಬಾವಿ, ಬಾವಿ ಇದ್ದ ಜಾಗಕ್ಕೆ ಎತ್ತು. ಈಗ ಆಕಾಶಕ್ಕೆ ಎದುರಾಗಿ ಬಾವಿಯ ಎರಡು ಕಂಬ, ಗಾಲಿ, ಬೆಳಕಲ್ಲಿ ಹೊಳೆಯುವ ನೀರು. ಕೆಳಗೆ ನಮ್ಮ ಕಡೆಗೇ ನುಗ್ಗಿ ಬರುವ ಎತ್ತು. ಹಗ್ಗದ ಮೇಲೆ ಕಾಲು ಇಳಿಬಿಟ್ಟು ಕೂತ ತಾತ. ಆ ತಾತ ಮೊದಲ ಸ್ಕೆಚ್‌ನಲ್ಲಿ ಇರಲೇ ಇಲ್ಲ.

ಇದೆಲ್ಲ ನನ್ನಂಥ ಸಣ್ಣವರ ಪಾಡು ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ ಗೊತ್ತಲ್ಲ? ಪೊಲೀಸ್ ಅಲ್ಲ, ಪೇಂಟರು. ಅವರ ‘ಹೇ ವೇನ್’ ನೀವೆಲ್ಲ ಪುಸ್ತಕದಲ್ಲಿ ನೋಡಿರುತ್ತೀರಿ. ಹೊಳೆಯಲ್ಲಿ ನಿಂತ ಹುಲ್ಲಿನ ಗಾಡಿ. ಆರಡಿ ಅಗಲದ ಆ ಪೇಂಟಿಂಗ್‌ಗೆ ಅವರು ಅಷ್ಟೇ ದೊಡ್ಡ ಸ್ಕೆಚ್ಚನ್ನೂ ಎಣ್ಣೆಬಣ್ಣದಲ್ಲೇ ಮಾಡಿದ್ದರು. ಎರಡೂ ಲಂಡನ್ನಿನಲ್ಲಿವೆ. ಪೇಂಟಿಂಗ್ ನ್ಯಾಷನಲ್ ಗ್ಯಾಲರಿಯಲ್ಲಿ, ಸ್ಕೆಚ್ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ. ಸ್ಕೆಚ್ಚೇ ಚೆನ್ನಾಗಿದೆ ಅನ್ನುವವರು ಅಲ್ಲೂ ಇದ್ದಾರೆ, ನಿಮ್ಮ ಕಾರಿಡಾರಿನಲ್ಲಿ ನಾನು ಅಂದ ಹಾಗೆ!

ಅವರು ಆ ಚಿತ್ರ ಬರೆದದ್ದು ಲಂಡನ್ನಿನಲ್ಲಿ, ಚಳಿಗಾಲದಲ್ಲಿ. ದೃಶ್ಯ ಇರುವುದು ಅವರ ಊರಿನ ಕಡೆ, ಸಫೋಕ್ ಪ್ರಾಂತ್ಯದಲ್ಲಿ. 1821ರಲ್ಲಿ ಪ್ರದರ್ಶನದ ದಿನ ಹತ್ತಿರ ಬಂತು. ಗಾಡಿಯ ವಿವರ ಬೇಕಾಯಿತು. ಊರಿನಲ್ಲಿ ಜಾನ್ ಡಂಥಾರ್ನ್ ಅನ್ನುವ ಹುಡುಗನಿದ್ದ. ಅವನು ಫೆಬ್ರವರಿ ಚಳಿಯಲ್ಲಿ ಹೊರಗೆ ಕೂತು ಸುಗ್ಗಿ ಗಾಡಿಯ ಗೆರೆ ಚಿತ್ರ ಬರೆದು ಕಳಿಸಿಕೊಟ್ಟ. ಪಾಪ, ಚಳಿಯಲ್ಲಿ ಕಷ್ಟಪಟ್ಟ ಅಂತ ಕಾನ್‌ಸ್ಟೇಬಲ್ ಅವರ ತಮ್ಮ ಕಾಗದದಲ್ಲಿ ಬರೆದಿದ್ದಾರೆ. ಕಾನ್‌ಸ್ಟೇಬಲ್ ಹುಟ್ಟಿದಾಗಿಂದ ಅಂಥ ಗಾಡಿ ನೋಡಿದವರು. ಆದರೂ ಅಂದಾಜಿನಲ್ಲಿ ತೀಡಿಬಿಡಲಿಲ್ಲ. ಮೂರು ವರ್ಷದ ಮೇಲೆ ಅದೇ ಚಿತ್ರಕ್ಕೆ ಪ್ಯಾರಿಸ್ಸಿನಲ್ಲಿ ಚಿನ್ನದ ಪದಕ ಬಂತು. ಡಂಥಾರ್ನ್‌ಗೆ ಒಂದು ಸ್ವೆಟರಾದರೂ ಕೊಟ್ಟರೋ ಇಲ್ಲವೋ!

ಸರಿ, ಎರಡನೇ ಅಂಶ. ಏನು ಸಾರ್? ಹದಿನೈದು ನಿಮಿಷನಾ? ಅಯ್ಯೋ.

ನಾನು ಮಾಡುವ ಒಂದು ಸಣ್ಣ ಕೆಲಸ ಹೇಳುತ್ತೇನೆ. ಸ್ಕೆಚ್ ಮುಗಿದ ಮೇಲೆ ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಕಿ, ಕೆಂಪು ಪೆನ್ಸಿಲ್ ಹಿಡಿದು ಕೂರುತ್ತೇನೆ. ನನಗೆ ಗೊತ್ತಿಲ್ಲದ ಕಡೆಯೆಲ್ಲ ಸುತ್ತು ಹಾಕುತ್ತೇನೆ. ಇಲ್ಲಿ ಕಿಟಕಿ ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಈ ಹೆಂಗಸಿನ ಸೆರಗು ಯಾವ ಹೆಗಲ ಮೇಲೆ? ಈ ನೆರಳು ಯಾವುದರದ್ದು? ಕಪಿಲೆ ಚಿತ್ರಕ್ಕೆ ಮೊದಲೇ ಹೀಗೆ ಮಾಡಿದ್ದರೆ ಇಪ್ಪತ್ತೈದು ಸುತ್ತು ಬೀಳುತ್ತಿತ್ತು. ಆಮೇಲೆ ಆ ಸುತ್ತುಗಳನ್ನು ಒಂದೊಂದಾಗಿ ಅಳಿಸುತ್ತೇನೆ. ಹೋಗಿ ನೋಡಿ, ಯಾರನ್ನೋ ಕೇಳಿ, ಕೆಲವು ಸಲ ಹೆಂಡತಿಯನ್ನು ಕುರ್ಚಿಯ ಮೇಲೆ ನಿಲ್ಲಿಸಿ. ಅವಳು ಬೈಯುತ್ತಾಳೆ, ಬೈಯುವ ಮುಖವನ್ನೂ ಬರೆದುಕೊಳ್ಳುತ್ತೇನೆ. ನೀವು ಫೋನಿನಲ್ಲಿ ಹುಡುಕುತ್ತೀರಿ, ಗೊತ್ತು. ಹುಡುಕಿ, ಬೇಡ ಅನ್ನುವುದಿಲ್ಲ. ಆದರೆ ಫೋಟೋದಲ್ಲಿ ಹಗ್ಗ ಕಾಣುತ್ತದೆ, ಹಗ್ಗ ಯಾಕೆ ಇದೆ ಅಂತ ಕಾಣುವುದಿಲ್ಲ.

ಎಲ್ಲ ಸುತ್ತೂ ಅಳಿಸಬೇಕಾ? ಬೇಡ. ಕೆಲವನ್ನು ಹಾಗೇ ಬಿಡಬಹುದು. ಚಂದಮಾಮದಲ್ಲಿ ಶಂಕರ್ ಅವರು ಬರೆದ ವಿಕ್ರಮ-ಬೇತಾಳ ನೆನಪಿಸಿಕೊಳ್ಳಿ. ಕೈಯಲ್ಲಿ ಕತ್ತಿ, ಹೆಗಲ ಮೇಲೆ ಶವ. ನಾನು ಚಿಕ್ಕವನಿದ್ದಾಗ ಆ ಶವದ ಭಾರ ನನ್ನ ಹೆಗಲಿಗೇ ಗೊತ್ತಾಗುತ್ತಿತ್ತು. ಭಾರ ಗೊತ್ತಿದ್ದರೆ ಸಾಕು. ಹಿಂದಿನ ಕಾಡಿನಲ್ಲಿ ಯಾವ ಮರ ಅಂತ ಯಾರೂ ಕೇಳುವುದಿಲ್ಲ.

ಹಾಳೆಗೆ ಇಳಿಸುವುದು ಸುಲಭದ ಭಾಗ. ಚೌಕ ಹಾಕಿ ದೊಡ್ಡದು ಮಾಡಿ. ಇಲ್ಲವೇ ಟ್ರೇಸಿಂಗ್ ಪೇಪರಿನ ಹಿಂದೆ ಮೆತ್ತನೆಯ ಪೆನ್ಸಿಲ್ ತಿಕ್ಕಿ, ಇಂಕು ಮುಗಿದ ರೀಫಿಲ್‌ನಿಂದ ಒತ್ತಿ. ಒಂದೇ ಮಾತು. ಒತ್ತುವಾಗ ನಿಮ್ಮದೇ ಗೆರೆಯನ್ನು ಕಾಪಿ ಹೊಡೆಯಬೇಡಿ, ಮತ್ತೊಮ್ಮೆ ಬರೆಯಿರಿ.

ನಮ್ಮ ಮೈಸೂರು ಶೈಲಿಯವರು ಈ ವಿಷಯದಲ್ಲಿ ಭಾರಿ ಜನ. ಹುಣಿಸೆ ಕಡ್ಡಿಯನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಸ್ಕೆಚ್. ಇದ್ದಿಲು ಒರೆಸಿದರೆ ಹೋಗುತ್ತದೆ, ಎಷ್ಟು ಸಲ ಬೇಕಾದರೂ ತಿದ್ದಬಹುದು. ಆದರೆ ಒಡವೆಗೆ, ಕಿರೀಟಕ್ಕೆ ಮಕ್ಕಿ ಅನ್ನುವ ಗಟ್ಟಿ ಲೇಪ ಹಚ್ಚಿ ಉಬ್ಬು ಎಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿದ ಮೇಲೆ ತಿದ್ದಲು ಹೋದರೆ ಗಂಟೇ ಮುಳುಗುತ್ತದೆ. ಅದಕ್ಕೇ ದೇವಿಯ ಸರದಲ್ಲಿ ಎಷ್ಟು ಮಣಿ ಅಂತ ಇದ್ದಿಲು ಹಿಡಿದಾಗಲೇ ಗೊತ್ತಿರಬೇಕು. ಜಗನ್ಮೋಹನ ಅರಮನೆಗೆ ಮುಂದಿನ ಸಲ ಹೋದಾಗ ರವಿವರ್ಮನ ಮುಂದೆ ಸೆಲ್ಫಿ ಆದ ಮೇಲೆ, ಐದು ನಿಮಿಷ ಈ ಹಳೆಯ ಚಿತ್ರಗಳ ಒಡವೆ ನೋಡಿ ಬನ್ನಿ.

ಚೀಟಿ ಬಂತು. ಐದು ನಿಮಿಷ. ಬಣ್ಣದ ಬಗ್ಗೆ ಮೂರು ಅಂಶ ಇತ್ತು, ಓಡಿಸುತ್ತೇನೆ.

ಮೊದಲು ಮೂರೇ ಛಾಯೆಯಲ್ಲಿ ಪುಟ್ಟದೊಂದು ಮಾಡಿ. ಕಪ್ಪು, ಬೂದು, ಬಿಳಿ. ಅಲ್ಲಿ ನಿಲ್ಲದ ಚಿತ್ರ ಬಣ್ಣ ಹಾಕಿದರೂ ನಿಲ್ಲುವುದಿಲ್ಲ. ಬಣ್ಣದ ಸ್ಕೆಚ್ಚನ್ನು ಅಚ್ಚಾಗುವ ಅಳತೆಗೇ ಮಾಡಿ. ಅಮೆರಿಕದ ನಾರ್ಮನ್ ರಾಕ್‌ವೆಲ್ ಇದ್ದಿಲಿನಲ್ಲಿ ಪೂರ್ತಿ ಅಳತೆಯ ಚಿತ್ರ ಮುಗಿಸಿ, ಬಣ್ಣಕ್ಕೆ ಬೇರೆಯೇ ಒಂದು ಸಣ್ಣ ಸ್ಕೆಚ್ ಮಾಡಿ, ಆಮೇಲೇ ಕ್ಯಾನ್ವಾಸ್ ಮುಟ್ಟುತ್ತಿದ್ದರು. ಕಪಿಲೆಗೆ ನಾನು ಹಾಗೆ ಮಾಡಲಿಲ್ಲ. ಆಕಾಶ ಸ್ವಲ್ಪ ಹೆಚ್ಚು ನೀಲಿಯಾಯಿತು. ನಡುವೆ ಕನ್ನಡಿಯಲ್ಲಿ ಚಿತ್ರ ನೋಡಿಕೊಳ್ಳಿ, ತಪ್ಪು ತಾನೇ ಎದ್ದು ಬರುತ್ತದೆ. ಉಳಿದದ್ದು ನಾಳೆ ಕಾರ್ಯಾಗಾರದಲ್ಲಿ.

ಕಪಿಲೆ ಪುಸ್ತಕ ಏನಾಯಿತು ಅಂತ ಯಾರೋ ಕೇಳುತ್ತಿದ್ದಾರೆ. ಅಚ್ಚಾಗಿ ಬಂತು. ನೋಡುತ್ತೇನೆ, ಪುಸ್ತಕದ ಹೆಸರನ್ನು ದಪ್ಪ ಅಕ್ಷರದಲ್ಲಿ ಸರಿಯಾಗಿ ಎರಡನೇ ಹಗ್ಗದ ಮೇಲೆಯೇ ಕೂರಿಸಿದ್ದಾರೆ. ಸೊಂಡಿಲೂ ಇಲ್ಲ, ಉರುಳೆಯೂ ಇಲ್ಲ! ತಾತನಿಗೆ ಪುಸ್ತಕ ಕೊಡಲು ಮುಖವಿಲ್ಲದೆ ಪೇಂಟಿಂಗನ್ನೇ ಹೊತ್ತುಕೊಂಡು ಶಿರಾ ಬಸ್ಸು ಹತ್ತಿದೆ. ಅವರು ಬೆರಳಿಟ್ಟು ಎರಡೂ ಹಗ್ಗ ಎಣಿಸಿದರು. ತಮ್ಮ ಹಾಗೇ ಇದ್ದ ತಾತನನ್ನು ನೋಡಿ ಏನೂ ಹೇಳಲಿಲ್ಲ. ಕೊನೆಗೆ ಎತ್ತಿನ ನೊಗದ ಹತ್ತಿರ ಬೆರಳು ನಿಲ್ಲಿಸಿ, ‘ಇಲ್ಲೊಂದು ತಪ್ಪೈತೆ, ಆದ್ರೂ ಇರ್ಲಿ ಬಿಡು’ ಅಂದರು.

ಪೇಂಟಿಂಗ್ ಮತ್ತು ಆ ಬಸ್ ಟಿಕೆಟ್ ಎರಡನ್ನೂ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದ್ದೇನೆ. ಕಾಫಿ ಲೋಟ ಮಾತ್ರ ದೂರ ಹಿಡಿದುಕೊಳ್ಳಿ. ನೊಗದ ತಪ್ಪು ಏನು ಅಂತ ಕಂಡುಹಿಡಿದವರು ನಾಳೆ ಬಂದು ನನಗೂ ಹೇಳಿ.